ಎದೆಯ ಮೇಲಿನ ಕಿವಿ

ನಮ್ಮ ಕಟ್ಟಡದ ನೆಲಮಹಡಿಯಲ್ಲಿ, ಮೆಟ್ಟಿಲಿನ ಪಕ್ಕಕ್ಕೇ ರೇಡಿಯೋ ಅಜ್ಜಿಯ ಮನೆ. ಅವರ ಹತ್ತಿರ ರೇಡಿಯೋ ಏನೂ ಇಲ್ಲ. ಕುತ್ತಿಗೆಯಿಂದ ಎದೆಯ ಮೇಲೆ ಇಳಿಬಿದ್ದ ಒಂದು ಬಟ್ಟೆಯ ಚೀಲ, ಅದರೊಳಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಡಬ್ಬಿ, ಡಬ್ಬಿಯಿಂದ ಕಿವಿಗೆ ಹೋಗುವ ಒಂದು ತಂತಿ. ಮೊದಲ ಸಲ ನೋಡಿದವರೆಲ್ಲ ರೇಡಿಯೋ ಕೇಳುತ್ತಿದ್ದಾರೆ ಅಂದುಕೊಂಡರು. ಹೆಸರು ಹಾಗೇ ನಿಂತುಬಿಟ್ಟಿತು. ಕಟ್ಟಡದ ಮಕ್ಕಳು ಮೆಟ್ಟಿಲಿಳಿಯುತ್ತ, "ಅಜ್ಜಿ, ಸ್ಕೋರ್ ಎಷ್ಟು?" ಅಂತ ಛೇಡಿಸಿದರೆ, "ನಿಮ್ಮೋರೆಲ್ಲ ಔಟು, ಹೋಗಿ ಓದ್ಕೊಳ್ಳಿ" ಎನ್ನುವರು.

ಅದು ಹಳೇ ಕಾಲದ ಕಿವಿ ಮಿಷನ್ನು. ಈಗ ಎಲ್ಲರೂ ಕಿವಿಯ ಹಿಂದೆ ಕಾಣದ ಹಾಗೆ ಸಿಕ್ಕಿಸಿಕೊಳ್ಳುವಂಥದ್ದಲ್ಲ. ಸದ್ದು ಹಿಡಿಯುವ ಜಾಲರಿ ಡಬ್ಬಿಯ ನೆತ್ತಿಯಲ್ಲಿದೆ. ಹಾಗಾಗಿ ಅಜ್ಜಿಗೆ ಏನಾದರೂ ಹೇಳಬೇಕಾದರೆ ಹತ್ತಿರ ಹೋಗಿ ಅವರ ಎದೆಯ ಕಡೆಗೆ ಬಗ್ಗಿ ಹೇಳಬೇಕು. ಗ್ಯಾಸಿನವನು ಬಗ್ಗುತ್ತಾನೆ, ಪೋಸ್ಟ್‌ಮ್ಯಾನ್ ಬಗ್ಗುತ್ತಾನೆ, ಕಟ್ಟಡದ ಮಾಲೀಕನೂ ಬಗ್ಗುತ್ತಾನೆ. "ಅವನು ಅವರಪ್ಪನ ಮುಂದೂ ತಲೆ ಬಗ್ಗಿಸಿದೋನಲ್ಲ ಕಣೇ. ನನ್ನ ಮುಂದೆ ನೋಡು ಹೆಂಗೆ ನಿಂತ್ಕೋತಾನೆ" ಎಂದು ಅಜ್ಜಿ ನಗುತ್ತಿದ್ದರು. ಫೋನು ಬಂದರೆ ಅದನ್ನು ಎದೆಗೆ ಒತ್ತಿಕೊಂಡು, ಗಲ್ಲ ಇಳಿಸಿ, ಮಗುವಿಗೆ ಹಾಲು ಕುಡಿಸುವವರ ಹಾಗೆ ಕೂತು ಮಾತಾಡುವರು.

ಕಿವಿ ಹೋದದ್ದು ನೂಲಿನ ಗಿರಣಿಯಲ್ಲಿ. ಚಿಕ್ಕ ವಯಸ್ಸಿಗೇ ಸೇರಿದ್ದರಂತೆ. ತಮ್ಮನನ್ನು ಓದಿಸಬೇಕಿತ್ತು, ಓದಿಸಿದರು. ತಮ್ಮನ ಮದುವೆಯಾಗುವಷ್ಟರಲ್ಲಿ ಇವರ ಮದುವೆಯ ಮಾತು ತೆಗೆಯುವವರು ಯಾರೂ ಉಳಿದಿರಲಿಲ್ಲ. ಗಿರಣಿಯೊಳಗೆ ಮಿಷನ್ನುಗಳ ಅಬ್ಬರಕ್ಕೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. ಹೆಂಗಸರೆಲ್ಲ ತುಟಿಯಲ್ಲೇ ಮಾತಾಡುವುದು, ಕಣ್ಣಲ್ಲೇ ಕೇಳುವುದು. ಹೀಗಾಗಿ ತಮ್ಮ ಕಿವಿ ಹೋಗುತ್ತಿದೆ ಅನ್ನುವುದು ಅಜ್ಜಿಗೆ ಗೊತ್ತೇ ಆಗಲಿಲ್ಲ. ಒಂದು ದಿನ ಮನೆಯಲ್ಲಿ ಒಲೆಗೆ ಬೆನ್ನು ಹಾಕಿ ಕೂತಿದ್ದಾಗ ಕೆಟಲ್ಲಿನ ನೀರೆಲ್ಲ ಬತ್ತಿ ತಳ ಸುಟ್ಟ ವಾಸನೆ ಬಂತು. ಸೀಟಿ ಯಾವಾಗಲೋ ಊದಿ ಸುಮ್ಮನಾಗಿತ್ತು. ಆಮೇಲೆ ಗಿರಣಿಯ ಡಾಕ್ಟರು ಈ ಡಬ್ಬಿ ಕೊಡಿಸಿದರು. ಗಿರಣಿ ಮುಚ್ಚಿತು, ಡಬ್ಬಿ ಉಳಿಯಿತು. ತಂತಿ ಕಿತ್ತುಬಂದಾಗಲೆಲ್ಲ ಹಿಂದಿನ ಬೀದಿಯ ರಿಪೇರಿ ಅಂಗಡಿಯವನು ಬೈಯುತ್ತಲೇ ಬೆಸುಗೆ ಹಾಕಿ ಕೊಡುತ್ತಾನೆ. ಗೋಡೆ ಗಡಿಯಾರಕ್ಕೆ ಹಾಕುವಂಥ ಸೆಲ್ಲು ಹಾಕಿದರೆ ನಡೆಯುತ್ತದೆ.

ಇಂಥವರ ಕೈಗೆ ನನ್ನ ಮಗಳನ್ನು ಕೊಟ್ಟೆನೇ ಎಂದು ನೀವು ಕೇಳಬಹುದು. ನನ್ನನ್ನು ನಾನೇ ದಿನಕ್ಕೊಂದು ಸಲ ಕೇಳಿಕೊಳ್ಳುತ್ತಿದ್ದೆ. ರಜೆ ಮುಗಿದಿತ್ತು, ಆಫೀಸಿಗೆ ಹೋಗಲೇಬೇಕಿತ್ತು. ಅಮ್ಮನಿಗೆ ಮಂಡಿ ನೋವು, ಅತ್ತೆಗೆ ನನ್ನ ಮೇಲೆ ನೋವು. ಪುಟ್ಟಿಯನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗೆಲ್ಲ ಅವಳು ಅಜ್ಜಿಯ ಕಡೆಗೆ ಕೈ ಚಾಚಿ ವಾಲುತ್ತಿದ್ದಳು. ಅಜ್ಜಿಯೇ ಒಂದು ದಿನ, "ನಂಗೇನು ಕೆಲಸ ಇದೆ? ಬಿಟ್ಟು ಹೋಗೇ" ಅಂದರು. ಒಂದೇ ಕೋಣೆಯ ಮನೆ, ಕಣ್ಣಿಗೆ ಮರೆಯಾಗಲು ಜಾಗವಿಲ್ಲ. ಬಚ್ಚಲ ಬಾಗಿಲಿಗೆ ಹೊರಗಿನಿಂದ ಚಿಲಕ. ಒಲೆ ಎತ್ತರದಲ್ಲಿ. ಎಲ್ಲವನ್ನೂ ತಡಕಿ ನೋಡಿ ಒಪ್ಪಿದೆ. ಅಜ್ಜಿಗೆ ಎಷ್ಟು ಸಂತೋಷವಾಯಿತೆಂದರೆ ಮಾರನೇ ದಿನ ಮೇಜಿನ ಮೂಲೆಗಳಿಗೆಲ್ಲ ಹಳೇ ಬಟ್ಟೆ ಸುತ್ತಿ ಕಟ್ಟಿದ್ದರು.

ಚೆನ್ನಾಗಿಯೇ ನಡೆದಿತ್ತು. ಪುಟ್ಟಿಗೆ ಮಾತು ಬರತೊಡಗಿದಾಗ ನನ್ನ ತಲೆ ಕೆಟ್ಟಿತು.

ಒಂದು ಸಂಜೆ ಅವಳು ನನ್ನ ಮಡಿಲು ಹತ್ತಿ ಎದೆಗೆ ಬಾಯಿ ತಾಗಿಸಿ, "ನೀಯು" ಅಂದಳು. ನೀರು ಬೇಕಿತ್ತು. ಮೊದಲು ಮುದ್ದಾಗಿ ಕಂಡಿತು. ಆಮೇಲೆ ಗಮನಿಸಿದರೆ ಎಲ್ಲವನ್ನೂ ಹಾಗೇ ಹೇಳುತ್ತಿದ್ದಳು. ಮುಖ ನೋಡುವುದಿಲ್ಲ, ಓಡಿ ಬಂದು ಎದೆಗೆ ಮುಖ ಒತ್ತಿ ಹೇಳುತ್ತಾಳೆ. ಅವರಪ್ಪನ ಶರ್ಟಿನ ಜೇಬಿಗೆ ಬಾಯಿಟ್ಟು, "ಅಪ್ಪ ಬಾ" ಅಂದಳು. ಅವರಿಗೆ ಹಿಗ್ಗೋ ಹಿಗ್ಗು.

"ನೋಡು, ಡೈರೆಕ್ಟಾಗಿ ನನ್ನ ಹೃದಯಕ್ಕೇ ಮಾತಾಡ್ತಾಳೆ."

"ಮುಖ ನೋಡಿ ಮಾತಾಡ್ತಿಲ್ಲ ರೀ! ಅದು ಎಂಥದರ ಲಕ್ಷಣ ಗೊತ್ತಾ ನಿಮಗೆ?"

"ನಿನ್ನ ಫೋನಿಗೆ ಗೊತ್ತಿರಬೇಕು. ಏನು ಹೇಳ್ತು ಅದು?"

ಆಟಿಸಂ ಇರಬಹುದು ಅಂತ ಫೋನು ಹೇಳಿತ್ತು. ಓದಬಾರದ್ದನ್ನೆಲ್ಲ ಓದಿದ್ದೆ. ಆಫೀಸಿಗೆ ರಜೆ ಹಾಕಿ ಮಕ್ಕಳ ಡಾಕ್ಟರ ಹತ್ತಿರ ಓಡಿದೆ. ನಾನು ಒಂದೇ ಉಸಿರಿಗೆ ಎಲ್ಲ ಹೇಳುತ್ತಿರುವಾಗಲೇ ಪುಟ್ಟಿ ಮೇಜು ಸುತ್ತಿ ಹೋಗಿ, ಡಾಕ್ಟರ ಕೊರಳಿಂದ ಎದೆಗೆ ಇಳಿದಿದ್ದ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದಕ್ಕೆ ಬಾಯಿಟ್ಟು, "ಮನೆ ಹೋಗಾಣ" ಅಂದಳು.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಇದನ್ನ ಯಾರು ಹೇಳ್ಕೊಟ್ರು ನಿಂಗೆ?"

ಆಗ ನನಗೆ ಹೊಳೆಯಿತು. ಡಬ್ಬಿಯ ಕತೆ ಹೇಳಿದೆ. ಅವರು ಪುಟ್ಟಿಯನ್ನು ಕೂರಿಸಿ, ಆಡಿಸಿ, ಹಿಂದಿನಿಂದ ಕರೆದು, ಬೆಳಕು ತೋರಿಸಿ ನೋಡಿದರು. "ಏನೂ ಆಗಿಲ್ಲಮ್ಮ. ಜನರ ಕಿವಿ ಎದೆ ಮೇಲಿರುತ್ತೆ ಅಂದ್ಕೊಂಡಿದ್ದಾಳೆ ಅಷ್ಟೇ. ತಾನಾಗೇ ಸರಿಹೋಗುತ್ತೆ." ನಾವು ಎದ್ದು ಹೊರಟಾಗ, ಸುಮ್ಮನೆ ಕೇಳುವಂತೆ, "ಮಗು ಎಲ್ಲಾದರೂ ಬಿದ್ದು ಅತ್ರೆ ಅವರಿಗೆ ಕೇಳ್ಸುತ್ತಾ?" ಅಂದರು.

ಬೇರೆಲ್ಲ ಅಲ್ಲೇ ಬಿಟ್ಟು ಆ ಒಂದು ಮಾತನ್ನು ಮನೆಗೆ ಹೊತ್ತು ತಂದೆ.

ಅಜ್ಜಿಯ ಬೀರುವಿನಲ್ಲಿ ಹೊಸ ಮಿಷನ್ನು ಇತ್ತು. ತಮ್ಮನ ಮಗಳು ಹಿಂದಿನ ಸಲ ಬಂದಾಗ ಕಿವಿ ಪರೀಕ್ಷೆ ಮಾಡಿಸಿ ತಂದುಕೊಟ್ಟಿದ್ದಳು. ಕಿವಿಯ ಹಿಂದೆ ಕೂರುವ, ಉಗುರಿನಷ್ಟು ಪುಟ್ಟ ವಸ್ತು. ಅಜ್ಜಿ ಅದನ್ನು ಪೆಟ್ಟಿಗೆಯಿಂದ ತೆಗೆದೂ ಇರಲಿಲ್ಲ. ನಾನು ಬಗ್ಗಿ, ಆದಷ್ಟು ಮೆತ್ತಗೆ ಹೇಳಿದೆ.

"ಅಜ್ಜಿ, ನೀವು ಅದನ್ನ ಹಾಕ್ಕೋಬೇಕು. ಪುಟ್ಟಿ ಇರೋವಾಗಲಾದ್ರೂ."

"ಇದು ಚೆನ್ನಾಗೇ ಇದ್ಯಲ್ಲೇ."

"ಇದರಲ್ಲಿ ಹತ್ತಿರ ಇದ್ರೆ ಮಾತ್ರ ಕೇಳ್ಸುತ್ತೆ. ಅವಳು ಈಗ ಓಡಾಡ್ತಾಳೆ. ನನಗೆ ಆಫೀಸಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡ ಹಾಗಿರುತ್ತೆ."

"ಹಾಕ್ಕೊಳ್ಳಲಿಲ್ಲ ಅಂದ್ರೆ?"

ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು.

"ಹಾಕ್ಕೋತೀನಿ ಬಿಡು. ಮಗು ಬರೋದು ನಿಂತ್ರೆ ನನ್ನ ಮನೇಲಿ ಹೊತ್ತೇ ಹೋಗಲ್ಲ. ಅದನ್ನ ಕಿವಿಗೇನು, ಮೂಗಿಗೆ ಹಾಕ್ಕೋ ಅಂದ್ರೂ ಹಾಕ್ಕೋತೀನಿ."

ಮಾರನೇ ದಿನದಿಂದ ಚೀಲ ಗೋಡೆಯ ಮೊಳೆಗೆ ಹೋಯಿತು. ಹೊಸತು ನಿಜಕ್ಕೂ ಅದ್ಭುತ. ನಾನು ಬಾಗಿಲಾಚೆ ನಿಂತು ಪಿಸುಗುಟ್ಟಿ ಪರೀಕ್ಷಿಸಿದೆ. ಅಜ್ಜಿ ಒಳಗಿನಿಂದ, "ಕೇಳಿಸ್ತು, ಹೋಗೇ, ಬಸ್ಸು ತಪ್ಪುತ್ತೆ" ಅಂದರು. ನಾನು ಬಹಳ ದಿನಗಳ ಮೇಲೆ ಬಸ್ಸಿನಲ್ಲಿ ನೆಮ್ಮದಿಯಾಗಿ ಕೂತೆ.

ಪುಟ್ಟಿಗೆ ಮಾತ್ರ ಕಕ್ಕಾಬಿಕ್ಕಿ. ಅಜ್ಜಿಯ ಎದೆ ತಡಕಿದಳಂತೆ, ಬಟ್ಟೆ ಎತ್ತಿ ನೋಡಿದಳಂತೆ, ಡಬ್ಬಿ ಕಾಣದೆ ಗೊಳೋ ಎಂದಳಂತೆ. ಅಜ್ಜಿ ಎತ್ತಿಕೊಂಡು ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದರಂತೆ. ಸಂಜೆ ಕೇಳಿದರೆ ಅಜ್ಜಿ ತಮ್ಮ ಕಷ್ಟವನ್ನೂ ನಗುತ್ತಲೇ ಹೇಳಿದರು: "ಫ್ರಿಜ್ಜು ಇಷ್ಟು ಗೊಣಗುತ್ತೆ ಅಂತ ಗೊತ್ತಿರ್ಲಿಲ್ಲ ಕಣೇ, ಮುದುಕನ ಥರ. ನಾನು ಅಗಿಯೋದು ನಂಗೇ ಕೇಳ್ಸುತ್ತೆ, ಯಾರೋ ಜಲ್ಲಿ ಮೇಲೆ ನಡೆದ ಹಾಗೆ. ನನ್ನ ಮೇಲಿನ ಮನೆಯೋರು ದಿನವೆಲ್ಲ ಕುರ್ಚಿ ಎಳೀತಾರಲ್ಲ, ಎಲ್ಲಿಗೆ ಎಳ್ಕೊಂಡು ಹೋಗ್ತಾರೆ?"

"ಅಭ್ಯಾಸ ಆಗುತ್ತೆ ಅಜ್ಜಿ."

"ಆಗುತ್ತೆ."

ಪುಟ್ಟಿಗೆ ಬೇಗ ಅಭ್ಯಾಸವಾಯಿತು. ಎದೆಗೆ ಬಾಯಿಡುವುದು ಬಿಟ್ಟಳು. ಎಲ್ಲಿ ಕೂತಿದ್ದಾಳೋ ಅಲ್ಲಿಂದಲೇ ಕೂಗಿದಳು; ಮುಖ ನೋಡಿ ಮಾತಾಡಿದಳು. ನಾನು ಡಾಕ್ಟರಿಗೆ ಫೋನು ಮಾಡಿ ಖುಷಿಯಿಂದ ಹೇಳಿದೆ. ಅಜ್ಜಿಗೂ ಹೇಳಿದೆ. ಅವರು ಅವಳ ಬಟ್ಟೆ ಮಡಿಸುತ್ತಿದ್ದರು. "ಹೂಂ, ಜಾಣೆ" ಎಂದರು, ತಲೆ ಎತ್ತಲಿಲ್ಲ.

ಕೆಲವು ವಾರ ಕಳೆದಿರಬೇಕು. ಆಫೀಸಿನಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಮನೆಗೆ ಬಂದೆ. ಅಜ್ಜಿಯ ಬಾಗಿಲು ಅರ್ಧ ತೆರೆದಿತ್ತು. ಕರೆದೆ, ಉತ್ತರವಿಲ್ಲ. ಇನ್ನೊಂದು ಸಲ ಜೋರಾಗಿ ಕರೆದೆ. ಒಳಗೆ ನುಗ್ಗಿದರೆ ಅಜ್ಜಿ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಾರೆ. ತೊಡೆಯ ಮೇಲೆ ಪುಟ್ಟಿ, ಎದೆಗೆ ತಲೆಯಿಟ್ಟು ಏನೋ ಉದ್ದದ ಕತೆ ಹೇಳುತ್ತಿದ್ದಾಳೆ. ಚೀಲ ಕೊರಳಲ್ಲಿತ್ತು. ಹೊಸತು ಕಿಟಕಿಯ ಕಟ್ಟೆಯ ಮೇಲೆ.

ನನ್ನನ್ನು ಕಂಡು ಅಜ್ಜಿ ಬೆಚ್ಚಲಿಲ್ಲ, ಬಚ್ಚಿಡಲೂ ಹೋಗಲಿಲ್ಲ.

ನಾನು ಮಂಡಿಯೂರಿ ಕೂತು ಡಬ್ಬಿಗೆ ಹೇಳಿದೆ. "ಅಜ್ಜಿ, ನಾನು ಬಾಗಿಲಲ್ಲಿ ಎರಡು ಸಲ ಕೂಗಿದೆ."

"ಕೇಳಿಸ್ಲಿಲ್ಲ."

"ಅದೇ ಅಲ್ವಾ ನಾನು ಹೇಳಿದ್ದು? ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಹಾಕ್ಕೊಂಡೂ ಇದ್ದೆ. ಎಲ್ಲಾ ಕೇಳಿಸ್ತು." ಪುಟ್ಟಿಯ ಬೆನ್ನ ಮೇಲಿಂದ ಕೈ ತೆಗೆಯದೆ ಹೇಳಿದರು. "ಅವಳು ಆ ಮೂಲೆಯಿಂದ ಅಜ್ಜೀ ಅಂತಾಳೆ, ನಾನು ಈ ಮೂಲೆಯಿಂದ ಹೂಂ ಅಂತೀನಿ. ಅಲ್ಲಿಗೆ ಮುಗೀತು. ತೊಡೆ ಮೇಲೆ ಬರೋದಕ್ಕೆ ಅವಳಿಗೇನು ಕೆಲಸ? ಗ್ಯಾಸಿನೋನೂ ಈಗ ಗೇಟಿಂದಲೇ ಕೂಗಿ ಹೋಗ್ತಾನೆ. ಇಷ್ಟು ವರ್ಷ ಒಬ್ಬಳೇ ಇದ್ದೀನಿ, ಒಬ್ಬಳೇ ಅಂತ ಅನ್ನಿಸಿರ್ಲಿಲ್ಲ ಕಣೇ. ಮಾತಾಡೋರು ಹತ್ತಿರ ಬರ್ತಿದ್ರು. ಉಸಿರು ತಾಗ್ತಿತ್ತು."

ನನ್ನ ತಲೆಯಲ್ಲಿದ್ದದ್ದು ಒಂದೇ: ನಾನು ಕೂಗಿದ್ದು ಅವರಿಗೆ ಕೇಳಿಸಿರಲಿಲ್ಲ.

"ಬೆಳಿಗ್ಗೆ ಹೊಸದು, ಮಲಗಿಸೋವಾಗ ಇದು, ಹಾಗೆ ಮಾಡೋಣ್ವಾ?" ಎಂದೆ.

"ನೀನು ಅಲ್ಲಿ ಕೂತು, ಈಗ ಯಾವುದು ಹಾಕ್ಕೊಂಡಿದ್ದಾಳೋ ಮುದುಕಿ ಅಂತ ಒದ್ದಾಡ್ತೀಯ. ನಿನ್ನನ್ನ ನೋಡಿಲ್ವಾ ನಾನು?" ಅಜ್ಜಿ ನಕ್ಕರು. ಆಮೇಲೆ ನಗು ಇಳಿಯಿತು. "ನಿನ್ನ ಹೆದರಿಕೆ ಸುಳ್ಳಲ್ಲ. ನನ್ನದೇ ಮಗು ಆಗಿದ್ರೆ ನಾನೂ ಬಿಡ್ತಿರ್ಲಿಲ್ಲ. ಬೇರೆ ಕಡೆ ನೋಡ್ಕೋ."

ಆಫೀಸಿನ ಹತ್ತಿರವೇ ಒಂದು ಡೇಕೇರ್ ಇತ್ತು. ಕ್ಯಾಮೆರಾ ಇದೆ, ಕೂತಲ್ಲೇ ಫೋನಿನಲ್ಲಿ ಮಗುವನ್ನು ನೋಡಬಹುದು. ಮುಂದಿನ ವಾರವೇ ಸೇರಿಸಿದೆವು. ಮೊದಲ ದಿನ ಹೊರಡುವಾಗ ಅಜ್ಜಿ ಪುಟ್ಟಿಯ ಲೋಟ, ಟವೆಲು, ಎರಡು ಜೊತೆ ಬಟ್ಟೆ ಎಲ್ಲ ಒಂದು ಚೀಲಕ್ಕೆ ತುಂಬಿ ಮೆಟ್ಟಿಲ ಹತ್ತಿರ ತಂದುಕೊಟ್ಟರು. "ನಾಲ್ಕು ಮಕ್ಕಳ ಜೊತೆ ಬೆರೀಲಿ, ಒಳ್ಳೇದೇ" ಎಂದರು. ನಾನು ದಿನವೆಲ್ಲ ಫೋನಿನ ಪರದೆಯಲ್ಲಿ ಮಗಳನ್ನು ನೋಡಿದೆ. ಆರಾಮಾಗಿದ್ದಳು.

ಆಮೇಲೆ ಬೆಳಿಗ್ಗೆ ನಾವು ಇಳಿಯುವ ಹೊತ್ತಿಗೆ ಅಜ್ಜಿಯ ಬಾಗಿಲು ಮುಚ್ಚಿರುತ್ತಿತ್ತು. ಸಂಜೆ ತಟ್ಟೋಣವೆಂದುಕೊಳ್ಳುವೆ, ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ತರಕಾರಿ, ನಾಳೆ ಎಂದುಕೊಂಡು ಹತ್ತಿಬಿಡುವೆ. ಕೊನೆಗೆ ಒಂದು ಭಾನುವಾರ ನನ್ನ ಗಂಡನೇ ಹೋಗಿ ಕರೆದರು.

ಅಜ್ಜಿ ಮೂರು ಮಹಡಿ ಹತ್ತಿ ಬಂದರು. ಕೊರಳಲ್ಲಿ ಚೀಲವಿರಲಿಲ್ಲ. ತಲೆ ಬಾಚಿ, ಕಿವಿಯ ಹಿಂದೆ ಹೊಸತನ್ನು ಸಿಕ್ಕಿಸಿಕೊಂಡಿದ್ದರು.

"ಇದೇನು ಅಜ್ಜಿ, ಹಾಕ್ಕೊಂಡುಬಿಟ್ರಿ!" ನನ್ನ ಗಂಡ ಕೇಳಿದರು.

"ಹೂಂ ಕಣಪ್ಪ. ಹತ್ತಿರ ಬರೋರು ಯಾರಿದ್ದಾರೆ ಈಗ? ದೂರದಿಂದ ಹೇಳಿದ್ದಾದ್ರೂ ಕೇಳಿಸ್ಲಿ." ಅವರು ತಮಾಷೆಯಂತೆಯೇ ಹೇಳಿದ್ದು. ನಾವಿಬ್ಬರೂ ನಕ್ಕೆವು.

ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಪುಟ್ಟಿ ಕಿಟಕಿಯ ಕೆಳಗೆ ಆಟದ ಸಾಮಾನು ಹರಡಿಕೊಂಡಿದ್ದಳು. ಒಮ್ಮೆ ತಿರುಗಿ ನೋಡಿ, ಮತ್ತೆ ಆಟಕ್ಕೆ ಬಗ್ಗಿದಳು.

"ಅಜ್ಜಿ," ಅಂದಳು, ಅಲ್ಲಿಂದಲೇ.

"ಏನಮ್ಮ?"

"ಕೆಂಪು ಕಾರು."

"ಹೌದಾ? ಕೆಂಪು ಕಾರಾ?"

"ಹೂಂ. ಚಕ್ರ ಇಲ್ಲ."

"ಅಯ್ಯೋ, ಎಲ್ಲಿ ಹೋಯ್ತೋ ಚಕ್ರ?"

ಅಷ್ಟರಲ್ಲಿ ಅವಳು ಇನ್ನೇನನ್ನೋ ಕೈಗೆತ್ತಿಕೊಂಡಿದ್ದಳು. "ಹೋಗೇ ಪುಟ್ಟಿ, ಅಜ್ಜಿ ಹತ್ತಿರ ಹೋಗು" ಎಂದೆ. "ಬೇಡ ಬಿಡು, ಆಡ್ಕೊಳ್ಳಲಿ" ಎಂದರು ಅಜ್ಜಿ. ಕೊಟ್ಟ ಕಾಫಿ ಕುಡಿದು, ಲೋಟವನ್ನು ತಾವೇ ಒಳಗಿಟ್ಟು ಬಂದು, ಇನ್ನೂ ತುಸು ಹೊತ್ತು ಅವಳನ್ನೇ ನೋಡುತ್ತ ಕೂತಿದ್ದರು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದರು.

ಅವರು ಹೊರಟು ಒಂದು ಮಹಡಿ ಇಳಿದಿರಬೇಕು. ಪುಟ್ಟಿಗೆ ಆಗ ನೆನಪಾಯಿತು. ಆಟದಿಂದ ತಲೆ ಎತ್ತದೆ, ಯಾರಿಗೂ ಅಲ್ಲ ಎಂಬಂತೆ, "ಟಾಟಾ" ಅಂದಳು.

"ಟಾಟಾ ಕಣಮ್ಮ" ಎಂದು ಕೆಳಗಿನ ಮೆಟ್ಟಿಲಿಂದ ಬಂತು. ಅಷ್ಟು ದೂರದಿಂದಲೂ ಅವರಿಗೆ ಕೇಳಿಸಿತ್ತು.