ಚಾಳೀಸು ಬಂದ ಗಂಡಸು

ಅರಕೆರೆಯ ಟೈಲರ್ ಮಹದೇವಸ್ವಾಮಿಯ ಮನೆಯಲ್ಲಿ ಗಂಡಸರು ನಲವತ್ತು ದಾಟಿದ್ದೇ ಇಲ್ಲ. ಅಪ್ಪ ಸಾರಾಯಿ ಕುಡಿದು ಹೊಟ್ಟೆ ಊದಿ ಹೋದ. ಅದೇ ದಾರಿ ಹಿಡಿದಿದ್ದ ಅಣ್ಣ ಒಂದು ಮಧ್ಯಾಹ್ನ ನಾಲೆಗೆ ಹಾರಿದ. ಆ ವಂಶಕ್ಕೆ ಆಯಸ್ಸೇ ಇಲ್ಲ ಎಂದು ಊರು ತೀರ್ಮಾನಿಸಿತ್ತು. ಮಹದೇವಸ್ವಾಮಿಯೂ ನಂಬಿದ್ದ.

ಅಣ್ಣ ಸತ್ತ ಮೇಲೆ ಅವನಿಗೆ ನಿದ್ದೆ ಹತ್ತಲಿಲ್ಲ. ಮೆಷಿನ್ನಿನ ಮುಂದೆ ಕೂತರೆ ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತಿತ್ತು, ಕತ್ತರಿ ಎತ್ತಲೂ ಮನಸ್ಸಾಗುತ್ತಿರಲಿಲ್ಲ. ಒಂದು ಪ್ಯಾಕೆಟ್ ಸಾರಾಯಿ ಕುಡಿದರೆ ಕಣ್ಣು ಮುಚ್ಚುತ್ತಿತ್ತು. ಬರಬರುತ್ತಾ ಬೆಳಗಿನ ಕೈನಡುಕ ನಿಲ್ಲಿಸುವುದಕ್ಕೂ ಪ್ಯಾಕೆಟ್ ಬೇಕಾಯಿತು.

ಹರಕೆ, ತಾಯತಗಳೆಲ್ಲ ಮುಗಿದ ಮೇಲೆ, ತೊಂಬತ್ಮೂರರಲ್ಲಿ, ಹೆಂಡತಿ ಮಂಗಳಮ್ಮ ಅವನನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದಳು. ಎಷ್ಟು ಕುಡೀತಾರೆ ಎಂದು ಡಾಕ್ಟರಮ್ಮ ಕೇಳಿದರು.

"ಇವ್ರು ಕುಡ್ದು ನಿದ್ದೆ ಕೆಡ್ಸ್ಕೊಂಡೋರಲ್ಲ ಕಣವ್ವ," ಎಂದಳು ಮಂಗಳಮ್ಮ. "ನಿದ್ದೆ ಕೆಟ್ ಮ್ಯಾಕೆ ಕುಡಿಯಾಕ್ ಹಿಡ್ದೋರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇದು ವಂಶದ ಶಾಪವಲ್ಲ, ಕಾಯಿಲೆ. ಮನಸ್ಸು ಕುಸಿದದ್ದು ಒಂದು, ಕುಡಿತ ಇನ್ನೊಂದು, ಎರಡೂ ಕೂಡಿದರೆ ಮನುಷ್ಯ ಬೇಗ ಹೋಗುತ್ತಾನೆ, ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು ಎಂದು ಬಿಡಿಸಿ ಹೇಳಿದರು.

ಮೊದಲ ವಾರ ವಾರ್ಡಿನಲ್ಲಿ ಸಾರಾಯಿ ಇಲ್ಲದೆ ಮೈಯೆಲ್ಲ ನಡುಗಿ, ಗೋಡೆಯ ಮೇಲೆ ಸತ್ತ ಅಣ್ಣನನ್ನು ಕಂಡು ಕಿರುಚಿದ. ತಿಂಗಳ ಮೇಲೆ ಮನೆಗೆ ಬಂದವನು ಕೂಲಿಯವರಂತೆ ಗೊರಕೆ ಹೊಡೆದು ಮಲಗಿದ. ಮರುವರ್ಷ, ಚೆನ್ನಾಗಿದ್ದೇನಲ್ಲ ಎಂದು ಡಾಕ್ಟರಮ್ಮ ಕೊಟ್ಟಿದ್ದ ಮಾತ್ರೆ ಬಿಟ್ಟ. ನಿದ್ದೆ ಹೋಯಿತು, ಹಿಂದೆಯೇ ಸಾರಾಯಿ ಬಂತು. ಮಂಗಳಮ್ಮ ಬಯ್ಯಲಿಲ್ಲ. ಒಂದು ಬೆಳಿಗ್ಗೆ ಅವನೇ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ.

"ನಡಿಯಮ್ಮಿ, ಮೈಸೂರ್ಗೋಗವ. ನಂಗೆ ಸಾಯಾಕ್ ಇಷ್ಟ ಇಲ್ಲ."

ಆಮೇಲೆ ಮಾತ್ರೆ ತಪ್ಪಿಸಲಿಲ್ಲ, ಕುಡಿಯಲೂ ಇಲ್ಲ.

ತೊಂಬತ್ತೆಂಟರಲ್ಲಿ ಒಂದು ದಿನ ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣೇ ಕಾಣಲಿಲ್ಲ. ಕುಡಿದ ಪಾಪ ಕಣ್ಣಿಗೆ ಬಂತೆಂದು ಹೆದರಿ ಶ್ರೀರಂಗಪಟ್ಟಣದ ಕಣ್ಣಿನ ಡಾಕ್ಟರ ಬಳಿಗೆ ಓಡಿದ. ಅವರು ಪರೀಕ್ಷಿಸಿ, ವಯಸ್ಸು ಕೇಳಿ ನಕ್ಕರು. ನಲವತ್ತಾದವರಿಗೆಲ್ಲ ಬರುವ ಚಾಳೀಸು ಅಷ್ಟೇ, ಕನ್ನಡಕ ಹಾಕಿಕೊಂಡರೆ ಸರಿಹೋಗುತ್ತದೆ ಎಂದರು.

ಕನ್ನಡಕ ಹಾಕಿಕೊಂಡೇ ಬಸ್ಸಿಳಿದ. ಜಗಲಿಯಲ್ಲಿ ಕೂತಿದ್ದ ತಾಯಿ ಕುಳ್ಳಮ್ಮ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

"ನಮ್ಮನೆ ಗಂಡುಸ್ರು ಮೂಗಿನ್ ಮ್ಯಾಲೆ ಇದ್ನ ಕಾಣ್ತೀನಿ ಅಂದ್ಕಂಡಿರ್ನಿಲ್ಲ ಕಣ್ಲಾ," ಎಂದಳು.

ಅಂಗಡಿಗೆ ಬಂದವರು ಮುದುಕನಾದೆಯಲ್ಲೋ ಎಂದು ರೇಗಿಸಿದರು. ಮಹದೇವಸ್ವಾಮಿ ಕನ್ನಡಕ ಒರೆಸಿಕೊಂಡು, ಎದೆ ಸೆಟೆಸಿ, ಹೌದು ಎಂದ.