ಒಲವಿನ ನಡುಗಡ್ಡೆಗೆ ಹೋದ ಅಮೃತಾ

ಗಂಗಾವತಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಅಮೃತಾಳನ್ನು ನೋಡಲು ಭಾನುವಾರ ಬಂತೆಂದರೆ ಗಂಡಿನ ಕಡೆಯವರು ಯಾರಾದರೂ ಮನೆಗೆ ಬರುತ್ತಿದ್ದರು. ಬಂದವರು ಅವಲಕ್ಕಿ ತಿಂದು, ಪಗಾರ ಕೇಳಿ, ಅಡುಗೆ ವಿಚಾರಿಸಿ, "ಫೋನ್ ಮಾಡ್ತೀವ್ರಿ" ಎಂದು ಎದ್ದು ಹೋಗುತ್ತಿದ್ದರು. ಹುಡುಗ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

'ಒಲವಿನ ನಡುಗಡ್ಡೆ' ಎಂಬ ಟಿವಿ ಕಾರ್ಯಕ್ರಮಕ್ಕೆ ಮದುವೆಯಾಗದವರು ಬೇಕೆಂಬ ಜಾಹೀರಾತು ಕಂಡಾಗ ಅವಳು ಹೆಸರು ಕೊಟ್ಟಳು.

"ಅಲ್ಲಿ ಹುಡುಗರು ತಾವಾಗೇ ಮಾತಾಡ್ತಾರಂತಪ್ಪಾ," ಎಂದು ತಂದೆ ಕೊಟ್ರಪ್ಪನನ್ನು ಒಪ್ಪಿಸಿದಳು.

"ಯಾರೂ ಕಾಲಿಡದ ದ್ವೀಪ" ಎಂದು ವಾಹಿನಿಯವರು ಎಲ್ಲರ ಕಣ್ಣಿಗೆ ಬಟ್ಟೆ ಕಟ್ಟಿ ಕರೆದೊಯ್ದರು. ಬಟ್ಟೆ ಬಿಚ್ಚಿದಾಗ ಅಮೃತಾ ನಿಂತಿದ್ದು ತನ್ನೂರಿನ ಹತ್ತಿರವೇ, ತುಂಗಭದ್ರೆಯ ನಡುವಿನ ವಿರೂಪಾಪುರಗಡ್ಡೆಯಲ್ಲಿ, ತನ್ನ ಚಿಗವ್ವ, ಎಂದರೆ ಚಿಕ್ಕಮ್ಮ, ಹುಲಿಗವ್ವನ ಭತ್ತದ ಗದ್ದೆಯ ಪಕ್ಕದಲ್ಲಿ.

ಅವಳಿಗೆ ಜೋಡಿಯಾಗಿ ಸಿಕ್ಕವನು ಹುಬ್ಬಳ್ಳಿಯಲ್ಲಿ ಜಿಮ್ ನಡೆಸುವ ಸುಭಾಷ್. "ನಿನ್ನ ಕಣ್ಣಲ್ಲಿ ನದಿ ಹರೀತಿದೆ" ಎಂದು ಹೇಳಿ, ಸರಿಯಾಯಿತೇ ಎಂದು ನಿರ್ದೇಶಕನ ಕಡೆ ನೋಡಿದ. ಅಷ್ಟರಲ್ಲಿ ಬದುವಿನ ಮೇಲಿಂದ ಕೂಗು ಬಂತು.

"ಅಮೃತಾ! ಊಟ ಮಾಡೀಯೇನ ಯವ್ವಾ?"

"ಕಟ್! ಯಾರಮ್ಮ ಅದು? ಇಲ್ಲಿ ಜನವಸತಿ ಇಲ್ಲ!" ನಿರ್ದೇಶಕ ಕಿರುಚಿದ.

"ನಾವು ಇಲ್ಲೇ ಇರ್ತೀವ್ರಿ," ಎಂದಳು ಹುಲಿಗವ್ವ.

ಸೆಟ್ಟಿನಲ್ಲಿ ಊಟವೆಂದರೆ ಕ್ಯಾಮೆರಾಕ್ಕೆ ಚಂದ ಕಾಣುವ ಸೌತೆಕಾಯಿ ಚೂರುಗಳು. ಕೆಲವೇ ದಿನಗಳಲ್ಲಿ ಪ್ರೇಮಿಗಳೆಲ್ಲ ಹುಲಿಗವ್ವನ ರೊಟ್ಟಿ, ಶೇಂಗಾ ಚಟ್ನಿಗೆ ಬದುವಿನ ಮೇಲೆ ಸಾಲುಗಟ್ಟಿದರು.

ಅಲ್ಲೇ, ಕ್ಯಾಮೆರಾ ಇಲ್ಲದ ಹೊತ್ತಿನಲ್ಲಿ, ಸುಭಾಷ್ ಮೊದಲ ಸಲ ತನ್ನದೇ ಮಾತು ಆಡಿದ. ಅಮೃತಾ ಆಸೆಯಿಂದ ತಿರುಗಿದಳು.

"ಅಲ್ರಿ, ನಿಮಗ ಪಗಾರ ಎಷ್ಟು ಬರತೈತ್ರಿ?"

ಕೊನೆಯ ಚಿತ್ರೀಕರಣದ ದಿನ ಅವಳ ಕೈಗೆ ಗುಲಾಬಿ ಕೊಟ್ಟು, ಅಳುತ್ತ ಸುಭಾಷನಿಗೆ ಕೊಡಬೇಕೆಂದರು. ಅವಳಿಗೆ ಅಳು ಬರಲಿಲ್ಲ.

"ನಾನು ನೌಕರಿ ಬಿಡಂಗಿಲ್ರಿ. ಗಂಗಾವತಿಗೆ ಬಂದು ಇರ್ತೀರೇನು?" ಎಂದು ಕೇಳಿದಳು.

ಸುಭಾಷ್ ನಿರ್ದೇಶಕನ ಮುಖ ನೋಡಿದ. ನಿರ್ದೇಶಕ ಹಾಳೆ ತಿರುವಿ, "ಇದಕ್ಕೆ ಉತ್ತರ ಬರೆದಿಲ್ಲ" ಎಂದ. ಅಮೃತಾ ಹೂವನ್ನು ಕುರ್ಚಿಯ ಮೇಲಿಟ್ಟು ಚಿಗವ್ವನ ಮನೆಗೆ ಉಣ್ಣಲು ಹೋದಳು.

ಟಿವಿಯಲ್ಲಿ ಕಾರ್ಯಕ್ರಮ ಶುರುವಾಗುವ ಮೊದಲೇ ಅದರ ಜಾಹೀರಾತಿನಲ್ಲಿ ಆ ನಡಿಗೆಗೆ ಪಿಟೀಲು ಹಾಕಿ, ಮಳೆ ಸುರಿಸಿ, 'ಪ್ರೀತಿಯಲ್ಲಿ ಸೋತ ಹುಡುಗಿ' ಎಂದು ತೋರಿಸಿದರು. ನೋಡುವವರಿಲ್ಲದೆ ಕಾರ್ಯಕ್ರಮ ಅರ್ಧಕ್ಕೇ ನಿಂತು, ಆ ಹೊತ್ತಿಗೆ ಟಿವಿಯಲ್ಲಿ ಕುಕ್ಕರ್ ಮಾರುವವರು ಬರತೊಡಗಿದರು. ಆದರೂ ಮುಂದಿನ ಭಾನುವಾರ ಹೆಣ್ಣು ನೋಡಲು ಬರಬೇಕಿದ್ದ ಯಲಬುರ್ಗಾದವರು ಆ ಜಾಹೀರಾತು ನೋಡಿಬಿಟ್ಟಿದ್ದರು.

"ಹುಡುಗನ್ನ ಬಿಟ್ಟು ಎದ್ದು ಹೋದಾಕಿ, ನಮಗ ಬ್ಯಾಡ್ರಿ," ಎಂದು ಫೋನಿಟ್ಟರು.

ಕೊಟ್ರಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ.

"ಇನ್ನ ಬರವ್ರಿಗೆ ಮೊದಲ ಹೇಳಪ್ಪಾ," ಎಂದಳು ಅಮೃತಾ, "ನಾನೂ ಪ್ರಶ್ನೆ ಕೇಳ್ತೀನಿ ಅಂತ."

ಹಾಗೆ ಹೇಳಿದ ಮೇಲೆ ಬಹಳ ದಿನ ಯಾರೂ ಬರಲಿಲ್ಲ. ಆಮೇಲೆ ಕುಷ್ಟಗಿಯಿಂದ ಶರಣಕುಮಾರ ಎಂಬ ಮೇಷ್ಟ್ರು ಬಂದ. ಸುಭಾಷನಿಗೆ ಕೇಳಿದ್ದನ್ನೇ ಅವನಿಗೂ ಕೇಳಿದಳು. ಅವನು "ವಿಚಾರ ಮಾಡಿ ಹೇಳ್ತೀನ್ರಿ" ಎಂದು ಹೋದ. ಎಲ್ಲರೂ ಇದೂ ಮುಗಿಯಿತು ಎಂದುಕೊಂಡರು. ಮರುವಾರ ಅವನೇ ಫೋನ್ ಮಾಡಿ, ತನಗೂ ಕುಷ್ಟಗಿಯ ಶಾಲೆ ಬಿಡಲಾಗುವುದಿಲ್ಲ ಎಂದು ವಾದಕ್ಕಿಳಿದ. ವಾದ ಇನ್ನೂ ನಡೆದಿದೆ. ಅಷ್ಟರಲ್ಲಿ ಕೊಟ್ರಪ್ಪ ಗಂಗಾವತಿಗೂ ಕುಷ್ಟಗಿಗೂ ನಡುವೆ ಬರುವ ಕನಕಗಿರಿಯಲ್ಲಿ ಬಾಡಿಗೆ ಮನೆ ನೋಡತೊಡಗಿದ್ದಾನೆ.