ಕಾರಣ ತಿಳಿಯದ ಅಂಜಿಕೆ

ಹತ್ತನೇ ತರಗತಿಯಲ್ಲಿದ್ದಾಗ ನಾನು ಸವಣೂರಿನ ನಮ್ಮ ಶಾಲೆಯ ಹುಡುಗಿಯರ ಕಬಡ್ಡಿ ತಂಡದಲ್ಲಿ ರೈಡರ್ ಆಗಿದ್ದೆ. ಪ್ರತಿ ಪಂದ್ಯಕ್ಕೂ ಮೊದಲು ಅಂಗೈ ತಣ್ಣಗಾಗುತ್ತಿತ್ತು, ಬಾಯಿ ಒಣಗುತ್ತಿತ್ತು. ಎದುರಿನವರ ಅಂಗಳಕ್ಕೆ ಕಾಲಿಟ್ಟು ‘ಕಬಡ್ಡಿ ಕಬಡ್ಡಿ’ ಎನ್ನತೊಡಗಿದ ಮೇಲೆ ಆ ಅಂಜಿಕೆ ಎಲ್ಲಿ ಹೋಗುತ್ತಿತ್ತೋ ಗೊತ್ತೇ ಆಗುತ್ತಿರಲಿಲ್ಲ.

ಹಾನಗಲ್ಲಿನ ಪಂದ್ಯದಲ್ಲಿ ಎದುರು ತಂಡದ ಹುಡುಗಿಯೊಬ್ಬಳು ನನ್ನ ಪಾದ ಹಿಡಿದಳು. ನಾನು ಕೊಸರಿಕೊಂಡು ನಡುಗೆರೆಯತ್ತ ಜಿಗಿದೆ. ನನ್ನ ಮೊಣಕಾಲಿನಡಿ ಅವಳ ಕೈ ಸಿಕ್ಕಿತು. ಲಟಕ್ಕೆಂದ ಸದ್ದು ಇಬ್ಬರಿಗೂ ಕೇಳಿಸಿತು. ಅವಳು ಅಳಲಿಲ್ಲ, ಸೊಟ್ಟಗಾದ ತನ್ನ ಮಣಿಕಟ್ಟನ್ನೇ ನೋಡುತ್ತ ಕುಳಿತಳು. ಅಂಕ ನಮಗೆ ಸಿಕ್ಕಿತು.

ಆಮೇಲೆ ಪಂದ್ಯವಿಲ್ಲದ ದಿನಗಳಲ್ಲೂ ನನಗೆ ಹೆದರಿಕೆ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಅದು ಎದೆಯಲ್ಲಿರುತ್ತಿತ್ತು. ಅಬ್ಬಾನ ವೀಳ್ಯದೆಲೆ ತೋಟದಲ್ಲಿ ಎಲೆ ಕೊಯ್ಯುವಾಗ ಎಣಿಕೆ ತಪ್ಪುತ್ತಿತ್ತು. ಅಮ್ಮಿ ರೊಟ್ಟಿ ಬಡಿಯುವ ಸದ್ದಿಗೂ ಬೆಚ್ಚುತ್ತಿದ್ದೆ. ಏನಾಗಿದೆ ಎಂದು ಅಮ್ಮಿ ಕೇಳಿದಳು. ಅವಳು ದರ್ಗಾದಲ್ಲಿ ಪ್ರಾರ್ಥನೆ ಓದಿಸಿದ ನೀರು ತಂದು ಕುಡಿಸಿದಳು.

ಆಟದಲ್ಲಿ ನಾಲ್ಕು ಸಲ ‘ಕಬಡ್ಡಿ’ ಎನ್ನುವಷ್ಟರಲ್ಲಿ ಉಸಿರು ಮುಗಿಯತೊಡಗಿತು. ನಮಗೆ ಆಟ ಕಲಿಸುತ್ತಿದ್ದ ಅಕ್ಕೋರು ಒಂದು ಸಂಜೆ ಮೈದಾನದಲ್ಲಿ ಪಕ್ಕಕ್ಕೆ ಕೂರಿಸಿಕೊಂಡರು.

“ಯಾತಕ್ಕ ಅಂಜಾಕತ್ತಿ, ಹೇಳಾಕ ಬರ್ತೈತೇನು?”

ಆ ಹುಡುಗಿಯ ಕೈ ಎಂದೆ. ಮತ್ತೇನು ಎಂದು ಕೇಳಿದರು. ಗೊತ್ತಿಲ್ಲ ಎಂದೆ.

“ಗೊತ್ತಿದ್ದದ್ದನ್ನ ಮೊದಲ ನೋಡಿ ಬರೂಣು ಬಾ.”

ಭಾನುವಾರ ಹಾನಗಲ್ಲಿನ ಹತ್ತಿರದ ಅವಳ ಹಳ್ಳಿಗೆ ಹೋದೆವು. ಅವಳ ಅವ್ವ ಬೈಯುತ್ತಾಳೆ, ಆ ಕೈ ಇನ್ನು ಸರಿಹೋಗುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದೆ. ಅವ್ವ ಚಹಾ ಕೊಟ್ಟಳು. ಹುಡುಗಿ ಪ್ಲಾಸ್ಟರಿನಿಂದ ಹೊರಗಿದ್ದ ಬೆರಳುಗಳನ್ನು ಆಡಿಸಿ ತೋರಿಸಿದಳು.

“ನಾನೂ ನಿನ್ನ ಕಾಲು ಬಿಡಲಿಲ್ಲಲ್ಲ. ಮತ್ತ ಸಿಕ್ರ ಮತ್ತ ಹಿಡಿತೇನಿ ನೋಡು.”

ತಿರುಗಿ ಬರುವಾಗ ಬಸ್ಸಿನಲ್ಲಿ ಎಷ್ಟೋ ದಿನಗಳ ಮೇಲೆ ಹಸಿವಾಯಿತು. ಆದರೆ ಮರುದಿನ ಎದ್ದಾಗ ಎದೆಯಲ್ಲಿ ಅದೇ ಹೆದರಿಕೆ. ನನಗೆ ಇನ್ನಷ್ಟು ದಿಗಿಲಾಯಿತು, ಈಗ ಅದಕ್ಕೊಂದು ಕಾರಣವೂ ಇರಲಿಲ್ಲ.

ಅಕ್ಕೋರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಒಂದು ಅಂಜಿಕೆ ಯಾವುದೋ ಒಂದಕ್ಕಾಗಿ ಬರುತ್ತದೆ, ಅದು ತೀರಿದರೆ ಹೋಗುತ್ತದೆ. ಇನ್ನೊಂದು ಯಾವುದಕ್ಕೂ ಅಲ್ಲದೆ ವಾರಗಟ್ಟಲೆ ಮನಸ್ಸಿನಲ್ಲಿ ಕೂರುತ್ತದೆ, ಕಂಡದ್ದಕ್ಕೆಲ್ಲ ತನ್ನ ಬಣ್ಣ ಬಳಿಯುತ್ತದೆ ಎಂದರು. ಮೊದಲನೆಯದಕ್ಕೆ ಮಾಡಿದ ಮದ್ದು ಎರಡನೆಯದಕ್ಕೆ ನಾಟುವುದಿಲ್ಲವಂತೆ.

“ಇದರ ಕಾರಣ ಹುಡುಕಬ್ಯಾಡ. ಉಣ್ಣು, ನಿದ್ದಿ ಮಾಡು, ದಿನಾ ಆಡಾಕ ಬಾ. ತಿಂಗಳಾದ್ರೂ ಇದ್ರ ಡಾಕ್ಟರ ಹತ್ರ ಹೋಗೂಣು.”

ಶಿಗ್ಗಾವಿಯ ಪಂದ್ಯದಲ್ಲಿ ಅದನ್ನು ಹೊತ್ತುಕೊಂಡೇ ಆಡಿದೆ. ಎರಡು ಸಲ ಸಿಕ್ಕಿಬಿದ್ದೆ, ಒಂದು ಸಲ ಒಬ್ಬಳನ್ನು ಮುಟ್ಟಿ ಬಂದೆ. ಸೋತೆವು. ಡಾಕ್ಟರ ಹತ್ತಿರ ಹೋಗುವ ಮೊದಲೇ, ಯಾವ ದಿನವೆಂದು ಹೇಳಲಾರೆ, ಹೆದರಿಕೆ ಹೊರಟುಹೋಗಿತ್ತು.

ಈಗ ಹಿರೇಕೆರೂರಿನಲ್ಲಿ ನಾನೂ ಆಟ ಕಲಿಸುತ್ತೇನೆ. ಮದುವೆಯಾದ ವರ್ಷ ಆ ಹೆದರಿಕೆ ಮತ್ತೆ ಬಂದು ಎರಡು ತಿಂಗಳು ಇತ್ತು. ಇನ್ನೊಮ್ಮೆ ಬಂದೀತೆಂಬ ಭಯ ಈಗಲೂ ಇದೆ. ನನ್ನ ಬಳಿ ಆಡಲು ಬರುವ ಮಕ್ಕಳಿಂದ ಅದನ್ನು ಮುಚ್ಚಿಡುವುದಿಲ್ಲ.